ವಲೌವಾ ಲೇಕ್‌ಗೆ ಆರ್‌ವಿಯಲ್ಲಿ, ಅಪ್ಪ-ಅಮ್ಮನ ಜೊತೆ: ಹೋಗಿಬಂದವರು ಸ್ವಲ್ಪ ಹೇಳಿ

ಹಿಲ್ಸ್‌ಬರೋದಿಂದ ಪ್ರಶ್ನೆ, ಏಪ್ರಿಲ್

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಮೇ ತಿಂಗಳಲ್ಲಿ ಅರಸೀಕೆರೆಯಿಂದ ಬರುತ್ತಿದ್ದಾರೆ. ಜೂನ್ ಕೊನೆಯಲ್ಲಿ ಅವರನ್ನು ಕರೆದುಕೊಂಡು ಅಮೆರಿಕದ ನಮ್ಮ ಆರೆಗಾನ್ ರಾಜ್ಯದ ಪೂರ್ವಕ್ಕಿರುವ ವಲೌವಾ ಲೇಕ್‌ಗೆ ಹೋಗುವ ಆಸೆ. ಜೋಸೆಫ್ ಅನ್ನೋ ಪುಟ್ಟ ಊರಿನ ಪಕ್ಕ ಇದೆ. ಅಲ್ಲಿನ ಸ್ಟೇಟ್ ಪಾರ್ಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಯಾರೋ ಕ್ಯಾನ್ಸಲ್ ಮಾಡಿದ್ದರು, ಮೂರು ರಾತ್ರಿಗೆ ಜಾಗ ಸಿಕ್ಕಿತು. ಖುಷಿಯಲ್ಲಿ ಬುಕ್ ಮಾಡಿಬಿಟ್ಟೆ. ಈಗ ಭಯ ಶುರುವಾಗಿದೆ.

ನಾವು ಯಾವತ್ತೂ ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಇರುವ ಗಾಡಿ, ಓಡಿಸಿದವರಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ 25 ಅಡಿಯ ಗಾಡಿ ಬಾಡಿಗೆಗೆ ತಗೊಳ್ಳೋ ಯೋಚನೆ. ಅಪ್ಪನಿಗೆ 71, ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು, ಗಟ್ಟಿಮುಟ್ಟಾಗಿದ್ದಾರೆ. ಅಮ್ಮನಿಗೆ ಮಂಡಿನೋವು. ಹೊರಗಿನ ಊಟ ಇಬ್ಬರಿಗೂ ಆಗಿಬರಲ್ಲ. ಮಗಳಿಗೆ ಐದು ವರ್ಷ. ಗಾಡಿಯಲ್ಲಿ ನಮ್ಮ ಅಡುಗೆ ಮಾಡಬಹುದಾ? ಟಾಯ್ಲೆಟ್ ಕಥೆ ಏನು? ದಾರಿ ಹೇಗಿದೆ? ಇಷ್ಟು ಕಷ್ಟಪಟ್ಟು ಹೋಗುವಂಥ ಜಾಗವಾ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಬಾಯ್ಸಿಯಿಂದ

ನಾವು ಆರು ವರ್ಷದಲ್ಲಿ ನಾಲ್ಕು ಸಲ ಹೋಗಿದ್ದೇವೆ, ಅದರಲ್ಲಿ ಎರಡು ಸಲ ಅತ್ತೆ-ಮಾವನ ಜೊತೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ದಾರಿ. ಪೋರ್ಟ್‌ಲ್ಯಾಂಡ್‌ನಿಂದ ಜೋಸೆಫ್‌ಗೆ ಸುಮಾರು 330 ಮೈಲಿ. ಫೋನ್ ಆರು ಗಂಟೆ ಅನ್ನುತ್ತೆ. ಅದು ಕಾರಿನ ಲೆಕ್ಕ. ಆರ್‌ವಿಯಲ್ಲಿ, ವಯಸ್ಸಾದವರು, ಮಗು, ಎರಡು ಗಂಟೆಗೊಂದು ಸಲ ನಿಲ್ಲಿಸೋದು ಎಲ್ಲ ಸೇರಿದರೆ ಎಂಟೂವರೆ ಒಂಬತ್ತು ಅಂದುಕೊಳ್ಳಿ. ನನ್ನ ಕೇಳಿದರೆ ಒಂದೇ ದಿನ ಓಡಿಸಬೇಡಿ. ಪೆಂಡಲ್ಟನ್‌ನಲ್ಲಿ ರಾತ್ರಿ ತಂಗಿ, ಮಾರನೆಯ ದಿನ ನಿಧಾನಕ್ಕೆ ಹೊರಡಿ. ಹೇಗೂ ಕ್ಯಾಂಪ್‌ಗ್ರೌಂಡ್‌ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆ ಜಾಗ ಕೊಡಲ್ಲ.

ಕೊಲಂಬಿಯಾ ನದಿ ಪಕ್ಕದ ಹೈವೇ 84ರಲ್ಲಿ ಗಾಳಿ ಜಾಸ್ತಿ. ಹುಡ್ ರಿವರ್ ಹತ್ತಿರ ನದಿಯ ಮೇಲೆ ದೊಡ್ಡ ಗಾಳಿಪಟ ಹಿಡಿದು ಹಾರುವ ಹುಡುಗರು ಕಾಣಿಸುತ್ತಾರೆ. ಅವರು ಹುಡುಕಿಕೊಂಡು ಬರುವ ಗಾಳಿಯೇ ನಿಮ್ಮ ಗಾಡಿಯನ್ನು ಪಕ್ಕದ ಲೇನಿಗೆ ತಳ್ಳುತ್ತೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಲಿ, ಗಂಟೆಗೆ ಐವತ್ತೈದು ಮೈಲಿ ದಾಟಬೇಡಿ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಪೆಂಡಲ್ಟನ್ ದಾಟಿದ ಮೇಲೆ ಕ್ಯಾಬೇಜ್ ಹಿಲ್ ಅಂತ ಘಾಟಿ. ಹೋಗುವಾಗ ಹತ್ತೋದು, ಅದು ಪರವಾಗಿಲ್ಲ, ಇಂಜಿನ್ ಕಿರುಚುತ್ತೆ ಅಷ್ಟೆ. ವಾಪಸ್ ಬರುವಾಗ ಹುಷಾರು. ನೂರು ಅಡಿಗೆ ಆರಡಿ ಇಳಿಜಾರು, ಅದೂ ತಿರುವುಗಳ ಜೊತೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯೋದೇ ಇಲ್ಲ. ಚಾರ್ಮಾಡಿಯಲ್ಲಿ ನಮ್ಮ ಬಸ್ ಡ್ರೈವರ್‌ಗಳು ಗೇರ್‌ನಲ್ಲೇ ಇಳಿಸುತ್ತಾರಲ್ಲ, ಹಾಗೆ.

ಲಾ ಗ್ರ್ಯಾಂಡ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಈ ಗಾಡಿಗಳು ಗ್ಯಾಲನ್‌ಗೆ ಎಂಟರಿಂದ ಹತ್ತು ಮೈಲಿ ಕೊಟ್ಟರೆ ಪುಣ್ಯ. ಅಲ್ಲಿಂದ 82ನೇ ರಸ್ತೆ. ಎಲ್ಗಿನ್, ಮಿನಾಮ್, ಲಾಸ್ಟಿನ್, ಎಂಟರ್‌ಪ್ರೈಸ್, ಆಮೇಲೆ ಜೋಸೆಫ್, ಒಟ್ಟು 70 ಮೈಲಿ ಚಿಲ್ಲರೆ. ಮಿನಾಮ್ ಹತ್ತಿರ ರಸ್ತೆ ಕಣಿವೆಗೆ ಇಳಿದು ನದಿ ಜೊತೆ ಸುತ್ತುತ್ತೆ. ಅದನ್ನು ದಾಟಿದರೆ ಒಮ್ಮೆಲೇ ಬಯಲು, ಹುಲ್ಲುಗಾವಲು, ಅದರಾಚೆ ಹಿಮದ ಬೆಟ್ಟ. ಮೊದಲ ಸಲ ಹೋದಾಗ ನಮ್ಮ ಮಾವ ಮಾತೇ ನಿಲ್ಲಿಸಿಬಿಟ್ಟರು. ಅವರು ಮಾತು ನಿಲ್ಲಿಸೋದು ಸಣ್ಣ ವಿಷಯವಲ್ಲ.

ಫೋನ್ ಹೇಳಿದ ದಾರಿಯನ್ನೆಲ್ಲ ನಂಬಬೇಡಿ. ನಮ್ಮ ಕಡೆಯಿಂದ ಬರುವವರಿಗೆ ಬೇಕರ್ ಸಿಟಿಯಿಂದ ಹಾಫ್‌ವೇ ಮೇಲೆ ಫಾರೆಸ್ಟ್ ರೋಡ್ 39 ತೋರಿಸುತ್ತೆ. ಕಾರಿಗೆ ಚಂದದ ರಸ್ತೆ, ಆರ್‌ವಿಗೆ ಬೇಡ. ಉತ್ತರದಿಂದ ಬರುವವರಿಗೆ ರ್‍ಯಾಟಲ್‌ಸ್ನೇಕ್ ಗ್ರೇಡ್ ತೋರಿಸುತ್ತೆ. ಹೆಸರೇ ಹೇಳುತ್ತಲ್ಲ, ಹಾವಿನ ಥರ. ನೀವು ಪೋರ್ಟ್‌ಲ್ಯಾಂಡ್‌ನಿಂದ ಬರೋದರಿಂದ ಲಾ ಗ್ರ್ಯಾಂಡ್ ದಾರಿ ಬಿಡಲೇಬೇಡಿ.

ಈಗ ಜಾಗ. ಜೋಸೆಫ್ ಊರಿನಿಂದ ಆರು ಮೈಲಿ ಮುಂದೆ, ಕೆರೆಯ ದಕ್ಷಿಣ ತುದಿಯಲ್ಲಿ ಕ್ಯಾಂಪ್‌ಗ್ರೌಂಡ್. ಕೆರೆ ದಂಡೆ ಅಂದ ತಕ್ಷಣ ಕಿಟಕಿ ತೆಗೆದರೆ ನೀರು ಅಂದ್ಕೋಬೇಡಿ. ಗಾಡಿ ನಿಲ್ಲೋದು ಎತ್ತರದ ಮರಗಳ ನಡುವೆ. ನೀರಿಗೆ ಸ್ವಲ್ಪ ನಡೆಯಬೇಕು. ಅತ್ತೆಗೆ ಇದೇ ಬೇಜಾರಾಗಿತ್ತು. ನಾವು ಒಂದು ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ ದಡದಲ್ಲಿ ಹಾಕಿಕೊಟ್ಟೆವು, ಎರಡು ಗಂಟೆ ಎದ್ದೇ ಇಲ್ಲ. ನಿಮ್ಮ ಅಮ್ಮನಿಗೂ ಕುರ್ಚಿ ತನ್ನಿ.

ರಿವರ್ಸ್ ತೆಗೆದು ಜಾಗಕ್ಕೆ ನಿಲ್ಲಿಸುವಾಗ ಒಬ್ಬರು ಇಳಿದು ಹಿಂದೆ ನಿಲ್ಲಬೇಕು. ಕನ್ನಡಿಯಲ್ಲಿ ನಿಮಗೆ ಅವರು ಕಾಣಬೇಕು, ಕಾಣದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು. ನಮ್ಮ ಮಾವ ಕಂಡಕ್ಟರ್ ಥರ "ಬರ್ಲಿ ಬರ್ಲಿ ರೈಟ್... ಹೋಲ್ಡಾನ್!" ಅಂತ ಕೂಗಿ ಪಕ್ಕದವರೆಲ್ಲ ತಿರುಗಿ ನೋಡಿದರು. ಕೆಲಸ ಮಾತ್ರ ಪಕ್ಕಾ ಆಯಿತು. ಹಿಂದಷ್ಟೇ ಅಲ್ಲ, ಮೇಲಿನ ಕೊಂಬೆಯನ್ನೂ ನೋಡಿಕೊಳ್ಳಲು ಹೇಳಿ. ಗಾಡಿ ಹನ್ನೊಂದು ಹನ್ನೆರಡು ಅಡಿ ಎತ್ತರ ಇರುತ್ತೆ, ನೆನಪೇ ಇರಲ್ಲ.

ಟಾಯ್ಲೆಟ್ ಕಥೆ ಕೇಳಿದಿರಿ. ಎಲ್ಲರಿಗೂ ಇದೇ ಭಯ, ಯಾರೂ ಬಿಡಿಸಿ ಹೇಳಲ್ಲ. ನಿಮ್ಮದು ಫುಲ್ ಹುಕಪ್ ಜಾಗ ಆದರೆ ನೀರು, ಕರೆಂಟ್, ಚರಂಡಿ ಪೈಪ್ ಮೂರೂ ಗಾಡಿ ಪಕ್ಕದಲ್ಲೇ ಇರುತ್ತೆ. ಗಾಡಿ ಕೆಳಗೆ ಎರಡು ಟ್ಯಾಂಕ್. ಕಕ್ಕಸಿನದು ಬ್ಲಾಕ್, ಸಿಂಕ್ ಮತ್ತು ಸ್ನಾನದ ನೀರಿನದು ಗ್ರೇ. ಪೈಪ್ ಸಿಕ್ಕಿಸಿದ್ದೀವಲ್ಲ ಅಂತ ಬ್ಲಾಕ್ ವಾಲ್ವ್ ತೆರೆದು ಬಿಡಬೇಡಿ. ನೀರೆಲ್ಲ ಹರಿದು ಹೋಗಿ ಗಟ್ಟಿ ಮಾತ್ರ ತಳದಲ್ಲಿ ಉಳಿಯುತ್ತೆ, ಆಮೇಲೆ ದೇವರೇ ಗತಿ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಬಿಡಬೇಕು. ಮೊದಲು ಬ್ಲಾಕ್, ಅದಾದ ಮೇಲೆ ಗ್ರೇ. ಸೋಪಿನ ನೀರು ಹರಿದು ಪೈಪ್ ತಾನೇ ತೊಳೆದುಕೊಳ್ಳುತ್ತೆ. ಕೈಗವಸು ಹಾಕ್ಕೊಳ್ಳಿ.

ನಮ್ಮವರು ಚೊಂಬಿನಲ್ಲಿ ನೀರು ಬಳಸೋದು ಇಲ್ಲಿ ಒಳ್ಳೆಯದೇ. ಬ್ಲಾಕ್ ಟ್ಯಾಂಕಿಗೆ ನೀರು ಹೆಚ್ಚು ಹೋದಷ್ಟೂ ಸಲೀಸು. ಕಾಗದ ಹಾಕುವುದಾದರೆ ಆರ್‌ವಿಗೆ ಅಂತಲೇ ಮಾರುವ, ಬೇಗ ಕರಗುವ ಕಾಗದ. ಒದ್ದೆ ವೈಪ್ಸ್ ಮಾತ್ರ ಯಾವ ಕಾರಣಕ್ಕೂ ಬೇಡ, ಅದರ ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ರಾತ್ರಿ ಕತ್ತಲಲ್ಲಿ ಒಳಗಿನ ಟಾಯ್ಲೆಟ್ ಸಾಕು. ಹಗಲು ಮತ್ತು ಸ್ನಾನಕ್ಕೆ ಕ್ಯಾಂಪ್‌ಗ್ರೌಂಡಿನ ಬಿಸಿನೀರಿನ ಷವರ್ ಬಳಸಿ. ಒಳಗಿನ ಗೀಸರ್ ಆರು ಗ್ಯಾಲನ್, ಒಬ್ಬರ ತಲೆಸ್ನಾನಕ್ಕೆ ಮುಗೀತು.

ಕರೆಂಟ್ ಬಗ್ಗೆ ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ. 30 ಆಂಪ್, 120 ವೋಲ್ಟ್. ಗುಣಿಸಿದರೆ 3,600 ವಾಟ್. ಹೀಟರ್ 1,500, ಮೈಕ್ರೋವೇವ್ ಹೆಚ್ಚುಕಮ್ಮಿ ಅಷ್ಟೇ, ಗೀಸರನ್ನೂ ಕರೆಂಟಿಗೆ ಹಾಕಿದ್ದರೆ ಅದೊಂದು 1,400. ಮೂರೂ ಒಟ್ಟಿಗೆ ಹಾಕಿದರೆ ಟ್ರಿಪ್. ಬೋರ್ಡ್ ಅಪ್ಪನಿಗೆ ವಹಿಸಿ.

ಕೊನೆಗೆ, ಹೋಗುವಂಥ ಜಾಗವಾ ಅಂತ ಕೇಳಿದಿರಿ. ನಾಲ್ಕು ಸಲ ಹೋಗಿದ್ದೇನೆ ಅಂದೆನಲ್ಲ.

ಬೀವರ್ಟನ್‌ನಿಂದ

ಅಡುಗೆ ವಿಷಯ ನನಗೆ ಬಿಡಿ. ನಮ್ಮ ಮೊದಲ ಆರ್‌ವಿ ಟ್ರಿಪ್‌ನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಒಳಗೆ ಒಗ್ಗರಣೆ ಹಾಕಿದ್ದು. ಒಣಮೆಣಸಿನಕಾಯಿ ಸಿಡಿದಿದ್ದೇ ತಡ, ಹೊಗೆ ಅಲಾರಂ ಶುರು. ಬೆಳಗ್ಗೆ ಆರೂಕಾಲು. ಅಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಗದ್ದಲ ಮಾಡುವಂತಿಲ್ಲ. ನಮ್ಮವರು ಟವೆಲ್ ಬೀಸುತ್ತಾ, ನಾನು ಬಾಗಿಲು ತೆಗೆಯುತ್ತಾ, ಮಗ ಅಳುತ್ತಾ. ಹಾಗಾಗಿ ಒಗ್ಗರಣೆ ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬಿಕೊಳ್ಳಿ. ಇಲ್ಲವಾದರೆ ಹೊರಗಿನ ಮೇಜಿನ ಮೇಲೆ ಕ್ಯಾಂಪ್ ಸ್ಟೌವ್ ಇಟ್ಟುಕೊಳ್ಳಿ. ಕುಕ್ಕರ್ ಸೀಟಿ ಏಳು ಗಂಟೆ ಆದ ಮೇಲೆ.

ಕುಕ್ಕರ್ ಮಾತ್ರ ಬಿಟ್ಟು ಹೋಗಬೇಡಿ. ಅಲ್ಲಿ ಎತ್ತರ 4,400 ಅಡಿ, ನಮ್ಮ ಮಡಿಕೇರಿಗಿಂತ ಎತ್ತರ. ನೀರು ಕಡಿಮೆ ಬಿಸಿಗೇ ಕುದಿಯುತ್ತೆ, ಬರೀ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತೆ.

ನಾನು ತಗೊಂಡು ಹೋಗೋದು: ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ ಪುಡಿ, ಹುರಿದ ರವೆ, ಮೊಸರು, ಉಪ್ಪಿನಕಾಯಿ, ಚಪಾತಿ ಒಂದೂವರೆ ದಿನಕ್ಕಾಗುವಷ್ಟು. ಊರಿನಿಂದ ತಂದ ಮಿಕ್ಸಿ ಬೇಡ, ಅದು 230 ವೋಲ್ಟಿನದು. ಕಾಯಿ ತುರಿದು ಫ್ರೀಜ್ ಮಾಡಿಕೊಂಡು ಹೋಗಿ. ಫಿಲ್ಟರ್ ಮಾತ್ರ ನಮ್ಮದೇ ಇರಲಿ. ಬೆಳಗ್ಗೆ ಆ ಚಳಿಯಲ್ಲಿ, ಮರದ ಕೆಳಗೆ ಕೂತು ಲೋಟದಲ್ಲಿ ಬಿಸಿ ಕಾಫಿ ಕುಡಿಯೋದಕ್ಕೇ ನಾನು ಅಷ್ಟು ದೂರ ಹೋಗೋದು ಅಂದರೂ ತಪ್ಪಿಲ್ಲ. ಚರಟವನ್ನು ಸಿಂಕಿಗೆ ಸುರಿಯಬೇಡಿ, ಅಕ್ಕಿ ಕಾಳು, ಎಣ್ಣೆ ಜಿಡ್ಡನ್ನೂ ಅಷ್ಟೇ. ಗ್ರೇ ಟ್ಯಾಂಕ್ ನಾರುತ್ತೆ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಅತ್ತೆ ಇದಕ್ಕೆ "ಎಂಜಲು ಒರೆಸಿ ತೊಳೆಯೋದು ಯಾವ ಶಾಸ್ತ್ರ" ಅಂದರು, ಮೂರನೇ ದಿನ ಅವರೇ ನನಗೆ ಹೇಳಿಕೊಡುತ್ತಿದ್ದರು.

ಜಿಂಕೆಗಳು! ಹೇಳಲೇಬೇಕು. ಕ್ಯಾಂಪ್‌ಗ್ರೌಂಡ್ ತುಂಬಾ ಓಡಾಡುತ್ತವೆ, ಊರ ಹಸುಗಳ ಥರ. ಹೆದರಿಕೆಯೇ ಇಲ್ಲ. ಮೇಜಿನ ಮೇಲೆ ಇಟ್ಟಿದ್ದ ಬಾಳೆಹಣ್ಣು, ಕೊತ್ತಂಬರಿ ಕಟ್ಟು ಎರಡೂ ಒಂದು ನಿಮಿಷದಲ್ಲಿ ಮಾಯ. ಮುದ್ದಾಗಿವೆ ಅಂತ ತಿನ್ನಿಸಬೇಡಿ, ಮಗುವಿಗೂ ಹೇಳಿ. ಹತ್ತಿರ ಹೋದರೆ ಒದೆಯುತ್ತವೆ. ಕರಡಿಗಳೂ ಇರುವ ಕಾಡು ಅದು. ಊಟ ಆದ ತಕ್ಷಣ ಎಲ್ಲ ಒಳಗೆ, ಕಸ ಡಬ್ಬಿಗೆ.

ಸಿಯಾಟಲ್‌ನಿಂದ

ಎಲ್ಲರೂ ಹೋಗಿ ಹೋಗಿ ಅಂತಿದ್ದೀರಿ, ನಾನು ಸ್ವಲ್ಪ ತಕರಾರು ತೆಗೀತೀನಿ. ಮಂಡಿನೋವು ಇರುವವರಿಗೆ ಆರ್‌ವಿ ಸುಖ ಅಲ್ಲ ಸಾರ್. ಬಾಗಿಲಿನ ಮೆಟ್ಟಿಲು ಎತ್ತರ, ಕಿರಿದು, ದಿನಕ್ಕೆ ಮೂವತ್ತು ಸಲ ಹತ್ತಿ ಇಳೀಬೇಕು. ನನ್ನ ತಾಯಿಗೆ ಎರಡನೇ ದಿನವೇ ಕಾಲು ಊದಿತು. ಮೂರನೇ ರಾತ್ರಿ ಜೋಸೆಫ್‌ನಲ್ಲಿ ಮೋಟೆಲ್ ರೂಮು ಹಿಡಿದೆವು. ಐದು ಜನ 25 ಅಡಿಯಲ್ಲಿ ಮಲಗಿದರೆ ಒಬ್ಬರು ಮಗ್ಗುಲು ಬದಲಿಸಿದರೆ ಐವರಿಗೂ ಎಚ್ಚರ. ಬಾಡಿಗೆ, ಮೈಲಿ ಲೆಕ್ಕ, ಪೆಟ್ರೋಲು, ಕ್ಯಾಂಪ್‌ಗ್ರೌಂಡ್ ಚಾರ್ಜು ಎಲ್ಲ ಕೂಡಿಸಿ ನೋಡಿ. ಕಾರಲ್ಲಿ ಹೋಗಿ ಅಡುಗೆಮನೆ ಇರುವ ಕ್ಯಾಬಿನ್ ಹಿಡಿದರೂ ಅಷ್ಟೇ ಆಗುತ್ತೆ. ನಮ್ಮಂಥ ಹೊರರಾಜ್ಯದವರಿಗೆ ಆರೆಗಾನ್ ಪಾರ್ಕ್‌ಗಳಲ್ಲಿ ಆರ್‌ವಿ ಜಾಗಕ್ಕೆ ಶೇ. 25 ಹೆಚ್ಚು ಬೇರೆ. ನೀವು ಅಲ್ಲಿಯವರೇ, ಅದೊಂದು ಉಳೀತು.

ಹಿಲ್ಸ್‌ಬರೋದಿಂದ

ಸಾರ್, ನೀವು ಹೇಳಿದ್ದು ಓದಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಮನೆಗೇ ಚಕ್ರ ಹಾಕಿರುತ್ತಾರಂತಲ್ಲ, ಅದನ್ನು ನೋಡಬೇಕು" ಅಂದರು. ಇನ್ನು ಕ್ಯಾಬಿನ್ ಮಾತು ಎತ್ತುವ ಹಾಗಿಲ್ಲ. ಒಂದು ಅನುಮಾನ. ದಾರಿಯಲ್ಲಿ ಅಪ್ಪ-ಅಮ್ಮ ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡು ಬರಬಹುದಲ್ವಾ?

ಬಾಯ್ಸಿಯಿಂದ

ಖಂಡಿತ ಬೇಡ. ಗಾಡಿ ಓಡುವಾಗ ಎಲ್ಲರೂ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು ಇರಬೇಕು. ಜೋರಾಗಿ ಬ್ರೇಕ್ ಹಾಕಿದರೆ ಹಾಸಿಗೆಯಲ್ಲಿ ಇರುವವರು ಮುಂದಿನ ಗಾಜಿನ ತನಕ ಬರುತ್ತಾರೆ. ಮಗಳ ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿರುವ ಸೀಟಿಗೇ ಕಟ್ಟಬೇಕು, ಪಕ್ಕಕ್ಕೆ ಮುಖ ಮಾಡಿರುವ ಸೋಫಾಗೆ ಅಲ್ಲ. ಯಾವ ಸೀಟಿಗೆ ಯಾವ ಬೆಲ್ಟ್ ಇದೆ ಅಂತ ಗಾಡಿ ತಗೊಳ್ಳುವ ಮೊದಲೇ ಹೋಗಿ ನೋಡಿ. ಅಮ್ಮನ ಮೆಟ್ಟಿಲಿಗೆ ಒಂದು ಅಗಲದ ಗಟ್ಟಿ ಸ್ಟೂಲ್ ಸಿಗುತ್ತೆ, ಬಾಗಿಲ ಕೆಳಗೆ ಇಟ್ಟರೆ ಎತ್ತರ ಅರ್ಧ ಆಗುತ್ತೆ. ಸಿಯಾಟಲ್ ಸಾರ್ ಹೇಳಿದ್ದು ಸುಳ್ಳಲ್ಲ. ಮೇಲಿನ ಅಟ್ಟದ ಹಾಸಿಗೆಗೆ ನೀವಿಬ್ಬರೂ ಹತ್ತಿ, ಕೆಳಗಿನದು ಅವರಿಗಿರಲಿ.

ರಿಚ್‌ಲ್ಯಾಂಡ್‌ನಿಂದ

ಗಾಡಿ ವಿಷಯ ಸಾಕಷ್ಟಾಯಿತು, ನಾನು ಕೆರೆ ವಿಷಯ ಹೇಳುತ್ತೇನೆ. ನನಗೂ ಎಪ್ಪತ್ತರ ಹತ್ತಿರ, ನಿಮ್ಮ ಅಪ್ಪನಿಗೆ ಹಿಡಿಸಬಹುದು.

ನಾವೆಲ್ಲ ಬಾಯಿಮಾತಿಗೆ ಕೆರೆ ಅಂತೇವೆ. ನಮ್ಮ ಕಡೆ ಕೆರೆ ಅಂದರೆ ಯಾರೋ ಏರಿ ಹಾಕಿ ನೀರು ನಿಲ್ಲಿಸಿದ್ದು. ಇದಕ್ಕೂ ಏರಿ ಇದೆ! ಜೋಸೆಫ್ ದಾಟಿ ಬರುವಾಗ ಎಡಗಡೆ ನೋಡಿ. ಅಳತೆ ಹಿಡಿದು ಹಾಕಿದಂಥ ಉದ್ದನೆಯ ದಿಬ್ಬ, ನೂರಾರು ಅಡಿ ಎತ್ತರ, ಮೇಲೆ ಮರವಿಲ್ಲದ ಬರೀ ಹುಲ್ಲು. ಬಲಗಡೆ ಕೆರೆಯ ಆಚೆ ದಡದಲ್ಲೂ ಒಂದು. ಹಿಮಯುಗದಲ್ಲಿ ಬೆಟ್ಟದಿಂದ ಇಳಿದ ಹಿಮನದಿ ಕಲ್ಲು ಮಣ್ಣು ತಳ್ಳಿಕೊಂಡು ಬಂದು ಎರಡೂ ಬದಿಗೆ, ತುದಿಗೆ ಸುರಿದಿದ್ದು. ಹಿಮ ಕರಗಿತು, ಏರಿ ಉಳಿಯಿತು, ನಡುವೆ ನೀರು ನಿಂತಿತು. ಉದ್ದ ಮೂರೂವರೆ ಮೈಲಿ, ಆಳ ಸುಮಾರು 300 ಅಡಿ. ಉತ್ತರ ತುದಿಯಲ್ಲಿ ಮನುಷ್ಯರೂ ಒಂದು ಸಣ್ಣ ಅಣೆಕಟ್ಟು ಕಟ್ಟಿ ಕೆಳಗಿನ ಹೊಲಗಳಿಗೆ ನೀರು ಬಿಡುತ್ತಾರೆ. ಪೂರ್ವದ ದಿಬ್ಬದ ಮೇಲೆ ಮನೆಗಳು ಏಳಬಾರದು ಅಂತ ಅಲ್ಲಿನ ಜನ, ಸಂಸ್ಥೆಗಳು ಸೇರಿ ದುಡ್ಡು ಹೊಂದಿಸಿ, 2020ರಲ್ಲಿ 1,800 ಎಕರೆಯಷ್ಟು ಜಾಗವನ್ನು ಕೌಂಟಿಯ ಹೆಸರಿಗೆ ಕೊಂಡುಕೊಂಡರು.

ಊರಿನ ಹೆಸರು ಜೋಸೆಫ್ ಅಂತ ಕೇಳಿದರೆ ಯಾವುದೋ ಪಾದ್ರಿಯ ಹೆಸರು ಅನಿಸುತ್ತೆ. ಅದು ನೆಜ್ ಪರ್ಸ್ ಅನ್ನೋ ಇಲ್ಲಿನ ಮೂಲನಿವಾಸಿ ಜನರ ನಾಯಕನ ಹೆಸರು. ಅವರು ತಮ್ಮನ್ನು ನಿಮೀಪೂ ಅಂತ ಕರೆದುಕೊಳ್ಳುತ್ತಾರೆ. ಈ ಕಣಿವೆ ಅವರದು. 1863ರ ಒಪ್ಪಂದದಲ್ಲಿ ಸರ್ಕಾರ ಇದನ್ನು ಕಿತ್ತುಕೊಂಡಿತು. ಹಿರಿಯ ಜೋಸೆಫ್ ಅದಕ್ಕೆ ಸಹಿ ಹಾಕಲಿಲ್ಲ, 1871ರಲ್ಲಿ ತೀರಿಕೊಂಡರು. 1877ರಲ್ಲಿ ಸೈನ್ಯದ ಬೆದರಿಕೆಗೆ ಮಗ ಜೋಸೆಫ್ ತನ್ನ ಜನರನ್ನು ಕರೆದುಕೊಂಡು ಹೊರಡಬೇಕಾಯಿತು. ಆಮೇಲೆ ಯುದ್ಧ. ಹೆಂಗಸರು ಮಕ್ಕಳ ಸಮೇತ ಸಾವಿರ ಮೈಲಿಗೂ ಹೆಚ್ಚು ದೂರ ತಪ್ಪಿಸಿಕೊಂಡು ಹೋಗಿ, ಕೆನಡಾ ಗಡಿಗೆ ಇನ್ನು ಸುಮಾರು 40 ಮೈಲಿ ಇರುವಾಗ ಮೊಂಟಾನಾದಲ್ಲಿ ಶರಣಾದರು. ಆತನಿಗೆ ಈ ಕಣಿವೆಯಲ್ಲಿ ಮತ್ತೆ ಬಾಳುವ ಅವಕಾಶ ಕೊಡಲೇ ಇಲ್ಲ. 1904ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮೂಲನಿವಾಸಿಗಳಿಗೆ ಬಿಟ್ಟ ಮೀಸಲು ಪ್ರದೇಶದಲ್ಲಿ ಸತ್ತರು. ಊರಿಗೆ ಹೆಸರು ಮಾತ್ರ ಅವರದೇ.

ಹಿರಿಯ ಜೋಸೆಫ್ ಸಮಾಧಿ ಕೆರೆಯ ಉತ್ತರ ತುದಿಯಲ್ಲಿದೆ. 1926ರಲ್ಲಿ ಬೇರೆ ಕಡೆಯಿಂದ ತಂದು ಇಲ್ಲಿ ಇಟ್ಟರು. ಜನ ನಾಣ್ಯ, ಗರಿ, ಬಟ್ಟೆ ಚೂರು ಇಟ್ಟು ಹೋಗಿರುತ್ತಾರೆ. ಮುಟ್ಟಬೇಡಿ, ಜೋರಾಗಿ ಮಾತಾಡಬೇಡಿ. ಪಕ್ಕದಲ್ಲೇ ಇವೆಟೆಮ್‌ಲೈಕಿನ್ ಅನ್ನೋ ಹುಲ್ಲುಗಾವಲು, 2009ರಲ್ಲಿ ತೆರೆದದ್ದು. ಅವರ ಭಾಷೆಯಲ್ಲಿ ಆ ಮಾತಿಗೆ ಕೆರೆಯಂಚು ಅಂತ ಅರ್ಥ. ಕಾಲುದಾರಿಯಲ್ಲಿ ಕಡಿದಾದ ಏರು ಇಲ್ಲ, ಅಮ್ಮ ನಡೆಯುವಷ್ಟು ನಡೆದು ತಿರುಗಿ ಬರಬಹುದು.

ಮೌಂಟ್ ಹೊವಾರ್ಡ್‌ಗೆ ಹೋಗುವ ರೋಪ್‌ವೇ ಕ್ಯಾಂಪ್‌ಗ್ರೌಂಡ್ ಪಕ್ಕದಲ್ಲೇ. 3,700 ಅಡಿ ಮೇಲೆ ಕರೆದುಕೊಂಡು ಹೋಗಿ 8,150 ಅಡಿಗೆ ಇಳಿಸುತ್ತಾರೆ. ಮುಳ್ಳಯ್ಯನಗಿರಿ 6,330 ಅಡಿ, ಲೆಕ್ಕ ಹಾಕಿ. ಜೂನ್ ಕೊನೆಯಲ್ಲೂ ಅಲ್ಲಲ್ಲಿ ಹಿಮ ಇರುತ್ತೆ, ಸ್ವೆಟರ್ ಬೇಕು. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಹತ್ತಿ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಗುಡುಗು ಮೋಡ ಬಂದರೆ ನಿಲ್ಲಿಸಿಬಿಡುತ್ತಾರೆ.

ಬೀವರ್ಟನ್‌ನಿಂದ

ಮರೆತಿದ್ದೆ. ರಾತ್ರಿ ಜೂನ್‌ನಲ್ಲೂ ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತೆ. ಊರಿನಿಂದ ಬರುವವರು ಬೇಸಿಗೆ ಅಂತ ಕಾಟನ್ ಸೀರೆ ಮಾತ್ರ ತಂದಿರುತ್ತಾರೆ. ಉಲ್ಲನ್ ಟೋಪಿ, ಕಾಲುಚೀಲ, ರಗ್ಗು ಇಟ್ಟುಕೊಳ್ಳಿ. ಸೊಳ್ಳೆಗೆ ಔಷಧಿ. ದೋಣಿ ಹತ್ತಿಸಿದರೆ ಮಗಳಿಗೆ ಲೈಫ್ ಜಾಕೆಟ್, ಆರೆಗಾನ್‌ನಲ್ಲಿ 12 ವರ್ಷ ಮತ್ತು ಕೆಳಗಿನವರಿಗೆ ಕಾನೂನೇ ಇದೆ. ನೀರು ಐಸ್ ಇದ್ದ ಹಾಗೆ, ಕಾಲು ಅದ್ದಿದರೆ ಸಾಕು. ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್ ಕಾಗದ ಜೊತೆಗಿರಲಿ. ಹತ್ತಿರದ ಆಸ್ಪತ್ರೆ ಎಂಟರ್‌ಪ್ರೈಸ್‌ನಲ್ಲಿ.

ಹಿಲ್ಸ್‌ಬರೋದಿಂದ, ಜುಲೈ

ಹೋಗಿ ಬಂದೆವು! ಎಲ್ಲರಿಗೂ ಒಂದೊಂದು ಲೋಟ ಕಾಫಿ ಬಾಕಿ ಇದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಆಗಲಿ.

ಪೆಂಡಲ್ಟನ್‌ನಲ್ಲಿ ತಂಗಿದ್ದು ಬಹಳ ಒಳ್ಳೆಯದಾಯಿತು. ಹುಡ್ ರಿವರ್ ಗಾಳಿ ಬಗ್ಗೆ ಬಾಯ್ಸಿಯವರು ಹೇಳಿದ್ದು ಕಡಿಮೆಯೇ. ನನ್ನ ಹೆಂಡತಿ ಒಂದು ಗಂಟೆ ಮಾತೇ ಆಡಲಿಲ್ಲ, ಹ್ಯಾಂಡಲ್ ಹಿಡಿದುಕೊಂಡು ಕೂತಿದ್ದಳು.

ನಮ್ಮ ಅನಾಹುತ ಆಗಿದ್ದು ಮಿನಾಮ್ ಕಣಿವೆಯಲ್ಲಿ. ಪೆಂಡಲ್ಟನ್‌ನಿಂದ ಹೊರಡುವಾಗ ಅಡುಗೆಮನೆಯ ಮೇಲಿನ ಕಪಾಟಿನ ಚಿಲಕ ಹಾಕಿರಲಿಲ್ಲ. ಮೂರನೆಯ ತಿರುವಿಗೆ ಧಡ್ ಅಂತ ಸದ್ದು. ಅಮ್ಮ ಅರಸೀಕೆರೆಯಿಂದ ಹೊತ್ತು ತಂದಿದ್ದ ಸಾರಿನ ಪುಡಿ ಡಬ್ಬ. ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ, ಪುಡಿ ಎಲ್ಲ ಕಡೆ. ಸೀನುತ್ತಾ ಸೀನುತ್ತಾ ಜೋಸೆಫ್ ತಲುಪಿದೆವು. ಹೊರಡುವ ಮುನ್ನ ಒಬ್ಬರು ಪ್ರತಿಯೊಂದು ಕಪಾಟು, ಡ್ರಾಯರ್, ಫ್ರಿಜ್ಜಿನ ಬಾಗಿಲನ್ನು ಕೈಯಿಂದ ಎಳೆದು ನೋಡಬೇಕು. ಇದನ್ನು ಇಲ್ಲಿ ಯಾರೂ ಹೇಳಿರಲಿಲ್ಲ, ನಾನು ಸೇರಿಸುತ್ತಿದ್ದೇನೆ.

ಸ್ಟೂಲ್ ಇಟ್ಟಿದ್ದರಿಂದ ಅಮ್ಮನಿಗೆ ಮೆಟ್ಟಿಲು ಪರವಾಗಿಲ್ಲ ಅನಿಸಿತು. ಆದರೂ ಸಿಯಾಟಲ್ ಸಾರ್ ಮಾತು ನಿಜ. ಮೂರನೇ ದಿನ ಅವರು ಹೊರಗಿನ ಕುರ್ಚಿ ಬಿಟ್ಟು ಏಳಲೇ ಇಲ್ಲ. ರೋಪ್‌ವೇಗೆ ಅಪ್ಪ, ನಾನು, ಮಗಳು ಮಾತ್ರ ಹೋದೆವು. ಮೇಲೆ ಹಿಮ ಇತ್ತು. ಅಪ್ಪ ಒಂದು ಹಿಡಿ ತಗೊಂಡು, ಮಗುವಿನ ಥರ ನೋಡಿ, ಅಮ್ಮನಿಗೆ ತೋರಿಸಬೇಕು ಅಂತ ಜೇಬಿಗೆ ಹಾಕಿಕೊಂಡರು. ಕೆಳಗೆ ಬರುವಷ್ಟರಲ್ಲಿ ಪ್ಯಾಂಟು ಒದ್ದೆ.

ಬ್ಲಾಕ್ ಟ್ಯಾಂಕ್ ಕೆಲಸ ನಾನು ಮಾಡುತ್ತೇನೆ ಅಂದರೂ ಅಪ್ಪ ಬಿಡಲಿಲ್ಲ. ಬ್ಲಾಕ್ ಮೊದಲು, ಗ್ರೇ ಆಮೇಲೆ ಅಂತ ಒಂದು ಚೀಟಿಯಲ್ಲಿ ಬರೆದು ಪೈಪ್ ಪಕ್ಕ ಅಂಟಿಸಿದರು. ಕರೆಂಟ್ ಪೆಟ್ಟಿಗೆಗೂ ಅವರೇ ಯಜಮಾನ. ಪಕ್ಕದ ಟ್ರೇಲರ್‌ನ ಮುದುಕ ದಂಪತಿಗೆ ಬೆಳಗ್ಗೆ ಪದೇ ಪದೇ ಟ್ರಿಪ್ ಆಗುತ್ತಿತ್ತು. ಅಪ್ಪ ಹೋಗಿ ಬೆರಳಲ್ಲಿ ಎಣಿಸಿ ತೋರಿಸಿದರು: ಹೀಟರ್ ಒಂದು, ಕಾಫಿ ಯಂತ್ರ ಎರಡು, ಗೀಸರ್ ಮೂರು, ಟಪ್! ಇಂಗ್ಲಿಷ್ ಬೇಕಾಗಲೇ ಇಲ್ಲ. ಗೀಸರನ್ನು ಗ್ಯಾಸಿಗೆ ಬದಲಾಯಿಸಿದರು, ಸರಿಹೋಯಿತು. ಸಂಜೆ ಅವರು ಕೆರೆಯಲ್ಲಿ ಹಿಡಿದ ಎರಡು ಕೊಕನಿ ಮೀನು ತಂದುಕೊಟ್ಟರು. ನಾವು ತಿನ್ನೋದಿಲ್ಲ ಅಂತ ಹೇಳೋಕೆ ಅಮ್ಮ ಪಟ್ಟ ಪಾಡು! ಕೊನೆಗೆ ಮೀನು ವಾಪಸ್ ಕೊಟ್ಟು, ಜೊತೆಗೆ ಒಂದು ಡಬ್ಬ ಕೋಡುಬಳೆ ಕೊಟ್ಟರು.

ರಿಚ್‌ಲ್ಯಾಂಡ್ ಸಾರ್, ನಿಮ್ಮ ಏರಿ ಕಥೆಯನ್ನು ದಾರಿಯಲ್ಲೇ ಓದಿ ಹೇಳಿದ್ದೆ. ಅಪ್ಪ ದಿಬ್ಬವನ್ನು ತುಂಬಾ ಹೊತ್ತು ನೋಡಿ, "ಏರಿ ಇದ್ದ ಮೇಲೆ ತೂಬು ಎಲ್ಲಿ?" ಅಂದರು. ಹೊರಡುವ ದಿನ ಉತ್ತರ ತುದಿಯಲ್ಲಿ ಅಣೆಕಟ್ಟನ್ನು ದೂರದಿಂದ ತೋರಿಸಿದ ಮೇಲೆಯೇ ಸಮಾಧಾನ. ಸಮಾಧಿ ಹತ್ತಿರ ಚಪ್ಪಲಿ ಬಿಟ್ಟು ನಿಂತರು. ನಾವೂ ಬಿಟ್ಟೆವು.

ಗಾಡಿ ವಾಪಸ್ ಕೊಟ್ಟಾಗ ಕ್ಲೀನಿಂಗ್ ಅಂತ ನೂರು ಡಾಲರ್ ಹಿಡಿದುಕೊಂಡರು. ಎರಡು ಸಲ ಗುಡಿಸಿ ಒರೆಸಿದ್ದೆವು, ಆದರೂ ಒಳಗೆ ಕಾಲಿಟ್ಟವನು ಸೀನಿದ. ವಾದ ಮಾಡೋಕೆ ಏನೂ ಉಳಿದಿರಲಿಲ್ಲ.

ಗಾಡಿ ಸಮ ಮಾಡಲು ಚಕ್ರದ ಕೆಳಗೆ ಇಡುವ ಬ್ಲಾಕ್‌ಗಳು, ನೀರಿನ ಪೈಪು, ಪ್ರೆಷರ್ ರೆಗ್ಯುಲೇಟರ್, ಅಮ್ಮನ ಸ್ಟೂಲು ಎಲ್ಲ ನಮ್ಮ ಗ್ಯಾರೇಜಿನಲ್ಲೇ ಇದೆ. ಹಿಲ್ಸ್‌ಬರೋ, ಬೀವರ್ಟನ್ ಕಡೆಯವರು ಯಾರಾದರೂ ಹೋಗುವುದಿದ್ದರೆ ಬಂದು ತಗೊಂಡು ಹೋಗಿ. ಕೈಗವಸು ಮಾತ್ರ ಹೊಸದು ಕೊಂಡುಕೊಳ್ಳಿ.